ಅರುವತ್ತನಾಲ್ಕಕ್ಕೊಂದು

ಉದ್ಯಾವರದ ಹೊಳೆ ಉಪ್ಪುನೀರು ಹಿತ್ತಲಿಗೆ ಬಿಟ್ಟ ವರ್ಷ
ವಾರಿಜಕ್ಕನ ಬೊಳ್ದು ಮುಂಚಿ ಗಿಡ ಸತ್ತಿತು.
ಉಳಿದದ್ದು ಒಂದೇ ಹಣ್ಣು, ಬೆಂಕಿಪೆಟ್ಟಿಗೆಯಲ್ಲಿ,
ಹಾಲುಹಲ್ಲಿನ ಬಣ್ಣದ್ದು.
ಆ ಬೀಜ ಮೊಳೆತು, ಗಿಡವಾಗಿ, ಕಾಯಿ ಹಣ್ಣಾದಾಗ
ಎಲ್ಲವೂ ಕೆಂಪು.

"ಬೀಜ ಮೋಸ ಮಾಡಿತು ಟೀಚರ್" ಅಂದರು
ಬೀಡಿಯ ಎಲೆಗೆ ಹಾಕಿದ ಕತ್ತರಿ ನಿಲ್ಲಿಸದೆ.
ಮೋಸವಲ್ಲ ಅಕ್ಕ, ಆಚೆಮನೆ ಫೆಲ್ಸಿಬಾಯಿಯ ಕೆಂಪು ಮೆಣಸಿನ ಹುಡಿ
ಯಾವುದೋ ನೊಣದ ಕಾಲಿಗಂಟಿ ಬೇಲಿ ದಾಟಿದೆ.
ಬಿಳಿ ಎಲ್ಲಿಗೂ ಹೋಗಿಲ್ಲ,
ಸುಮ್ಮನೆ ಕೂತಿದೆ.

ಹಣ್ಣಿನೊಳಗೆ ಮೂರು ದೀಪ ಅಂದುಕೊಳ್ಳಿ,
ಒಂದೊಂದಕ್ಕೆ ಎರಡು ಬತ್ತಿ, ತಾಯಿಯದೊಂದು ತಂದೆಯದೊಂದು.
ಒಂದು ಬತ್ತಿ ಹತ್ತಿದರೂ ಸಾಕು, ಆ ದೀಪಕ್ಕೆ ಬೆಳಕು.
ಎರಡೂ ಒದ್ದೆಯಾಗುವುದು ನಾಲ್ಕಕ್ಕೊಮ್ಮೆ.
ಮೂರು ದೀಪವೂ ಆರಿದರೆ ಮಾತ್ರ
ನಿಮ್ಮ ಅಮ್ಮನ ಬಿಳಿ.

"ನಾಲ್ಕು ನಾಲ್ಕಲಿ ಹದಿನಾರು, ಇನ್ನೊಮ್ಮೆ ನಾಲ್ಕು...
ಎರಡು ಕಟ್ಟು, ಮೇಲೆ ಹದಿನಾಲ್ಕು ಬೀಡಿ"
ಬೋರ್ಡಿಗೆ ನಾನು ಸೀಮೆಸುಣ್ಣ ಹುಡುಕುವಷ್ಟರಲ್ಲಿ
ಅವರು ಮುಗಿಸಿದ್ದರು.

ಕೆಂಪಿನ ಬೀಜವನ್ನೇ ಬಿತ್ತಿ, ಅರುವತ್ತನಾಲ್ಕು ಸಸಿ.
ಪೇಂಟಿನ ಡಬ್ಬ, ಮಲ್ಪೆಯ ಮೀನುಪೆಟ್ಟಿಗೆ,
ಹಿಡಿ ಕಿತ್ತ ಬಕೆಟು, ಬಿರಿದ ಕಡಾಯಿ,
ಪ್ರತಿಯೊಂದಕ್ಕೂ ಬೀಡಿಯ ಲೇಬಲ್ಲಿನ ಹಿಂದೆ ನಂಬರು.

ಮೊದಲು ಕೆಂಪು. ಆಮೇಲೂ ಕೆಂಪು.
ಹದಿನೇಳನೆಯದು ಅಬ್ಬಲಿಗೆ ಬಣ್ಣ; ನೋಡಲು ಫೆಲ್ಸಿಬಾಯಿಯೇ ಬಂದರು.
ನಲವತ್ತು ದಾಟಿದ ಮೇಲೆ ಸಂಪಿಗೆ ಹಳದಿ, ಒಂದು, ಎರಡು,
ಒಂದಂತೂ ಇನ್ನೇನು ಬಿಳಿಯೇ ಎನ್ನುವ ಹಾಗೆ.
ಬೆಳಗಾದರೆ ಪಿಕಳಾರ ಬಂದು ಕೆಂಪನ್ನೇ ಆರಿಸಿ ತಿನ್ನುತ್ತಿತ್ತು;
ಅದಕ್ಕೆ ಖಾರವೂ ಇಲ್ಲ, ಲೆಕ್ಕವೂ ಇಲ್ಲ.

ಮೂವತ್ತೇಳನೆಯದು ಎಲೆ ಮುರುಟಿ ಹೂವಿಗೆ ಮೊದಲೇ ಒಣಗಿತು.

"ಅದೇ" ಅಂದರು ವಾರಿಜಕ್ಕ.
ಹಾಗೆ ಹೇಳಲು ಬರುವುದಿಲ್ಲ, ಅರುವತ್ತನಾಲ್ಕಕ್ಕೊಂದು ಎಂದರೆ
ಅರುವತ್ತನಾಲ್ಕು ನೆಟ್ಟರೆ ಒಂದು ಸಿಕ್ಕೇ ಸಿಗುತ್ತದೆ ಎಂದಲ್ಲ, ಎಂದೆ.
"ಗೊತ್ತುಂಟು. ನಾನು ಸಾವಿರ ಕಟ್ಟಿದರೆ
ಬ್ರಾಂಚಿನವ ಒಂಬೈನೂರೇ ಎಣಿಸುವುದು."

ಆ ರಾತ್ರಿ ಬಂಗುಡೆಯ ಪುಳಿಮುಂಚಿ, ಕೆಂಪು ಹಳದಿ ಎಲ್ಲ ಸೇರಿಸಿ ಅರೆದದ್ದು.
ಕಣ್ಣಲ್ಲಿ ನೀರು ಬಂತು ಅವರಿಗೆ.
"ಬಣ್ಣ ಕೊಡಲಿಲ್ಲ, ಖಾರ ಮಾತ್ರ ಅಮ್ಮನದ್ದೇ."
ಖಾರದ ಕಥೆ ಬೇರೆ, ಅದು ಈ ಮೂರು ದೀಪದ್ದಲ್ಲ ಎನ್ನಬೇಕೆಂದಿದ್ದೆ,
ನನ್ನ ನಾಲಗೆಯೂ ಉರಿಯುತ್ತಿತ್ತು.

ಕೈ ತೊಳೆದು ಬಂದು ಬೆಂಕಿಪೆಟ್ಟಿಗೆ ತೆರೆದರು.
ಆ ಹಳದಿಯದ್ದರ ಬೀಜ, ಎಣಿಸಿ, ಇಪ್ಪತ್ತೈದು.
ಒಂದು ಕಟ್ಟು.