ಆರು ಐವತ್ತೆರಡು

ಡ್ಯಾನ್ಯೂಬಿನ ಮಂಜು ಗೋಲುಕಂಬದ ಸೊಂಟದ ತನಕ.
ಬೀಗದಕೈ ನನ್ನದು, ಸುಣ್ಣದ ಗಾಡಿ ನನ್ನದು,
ಈಗ ಹೊಸದಾಗಿ ಒಂದು ಹಾಜರಿ ಪುಸ್ತಕ.
ಅದರಲ್ಲಿ ಒಂದೇ ಹೆಸರು:
ಎಲಿಕೆಮ್ ದೊತ್ಸೆ, ಎಡಗಾಲಿನ ಆಟಗಾರ,
ಘಾನಾದ ಕಡಲಂಚಿನವನಂತೆ.

"ಬೆಳಗ್ಗೆ ಏಳು, ಸಂಜೆ ಏಳು. ತಂಡದ ಜೊತೆಗಲ್ಲ, ಒಬ್ಬನೇ.
ಹಿಂದಿನ ಜಲ್ಲಿ ಮೈದಾನದಲ್ಲಿ. ಚೆಂಡು ಕೊಡಬೇಡ.
ತಡವಾದರೆ ಬರೆದಿಡು, ಗ್ರೋಜ್ದಾನ್,
ಮೂರು ತಡಕ್ಕೆ ಕರಾರು ಖತಂ"
ಅಂದ ಮ್ಯಾನೇಜರ್ ದಾಸ್ಕಲೊವ್,
ಬೂಟಿನ ಕೆಸರನ್ನು ನನ್ನ ಮೆಟ್ಟಿಲಿಗೇ ಒರೆಸುತ್ತ.

ತಿಂಗಳಿಗೆ ಮೂರು ಸಾವಿರ ಯೂರೋ, ಎರಡು ವರ್ಷ.
ಟೀವಿಯವರು ಬಾಯಿ ಚಪ್ಪರಿಸುವ ಕೋಟಿಗಳ ಮುಂದೆ
ಇದು ಯಾವ ಸೊನ್ನೆಯ ನೆರಳು?
ಮೇ ತಿಂಗಳಲ್ಲಿ ತಂಡ ಕೆಳದರ್ಜೆಗೆ ಜಾರಿತು.
ಅರ್ಧ ಸಂಬಳದ ಹಾಳೆಗೆ ಇಪ್ಪತ್ತೆರಡು ಜನ ರುಜು ಹಾಕಿದರು,
ಗೋಲ್‌ಕೀಪರ್ ಅಂತೂ ಓದದೆಯೇ.
ಇವನು ಓದಿದ. ಹಾಕಲಿಲ್ಲ.

ಸುಳ್ಳು ಯಾಕೆ, ಮೊದಲ ವಾರ ನನಗೂ ಹೊಟ್ಟೆಯುರಿ.
ಒದೆಯೋದಕ್ಕೆ ಮೂರು ಸಾವಿರ!
ಮೂವತ್ತೊಂದು ವರ್ಷ ಹುಲ್ಲು ಕತ್ತರಿಸಿದವನ ಲೆಕ್ಕ ಯಾರು ಬರೆದರು?
ಸಾಹುಕಾರರ ಮೊಸರಿನ ಕಾರ್ಖಾನೆ ಇದೆ ಸೇತುವೆಯಾಚೆ.
ಐದು ತಿಂಗಳಿಂದ ನನಗೆ ಸಂಬಳವಿಲ್ಲ,
ಶುಕ್ರವಾರಕ್ಕೊಮ್ಮೆ ಹನ್ನೆರಡು ಡಬ್ಬಿ.
ಕೈ ಕೆಸರಾದರೆ ಬಾಯಿ ಮೊಸರು:
ಗಾದೆ ಇಷ್ಟು ಅಕ್ಷರಶಃ ನಿಜವಾದೀತೆಂದು
ಕಟ್ಟಿದವರಿಗೂ ಗೊತ್ತಿರಲಿಕ್ಕಿಲ್ಲ.

ಅವನು ಓಡುತ್ತಿದ್ದ.
ಜಲ್ಲಿಯ ಸದ್ದು, ಯಾರೋ ಒಣ ರೊಟ್ಟಿ ಅಗಿದಂತೆ,
ಮೂಲೆಯಿಂದ ಮೂಲೆಗೆ. ಎಡಗಾಲು
ಒಮ್ಮೊಮ್ಮೆ ತಾನಾಗಿ ಒಳಕ್ಕೆ ತಿರುಗಿ
ಇಲ್ಲದ ಚೆಂಡನ್ನು ದಾಟಿಸುತ್ತಿತ್ತು.
ಗಾಡಿ ನಿಲ್ಲಿಸಿ ನೋಡುತ್ತಿದ್ದೆ, ಯಾರಿಗೆ ಕೊಟ್ಟ ಎಂದು.

ನವೆಂಬರ್ ಹದಿನಾಲ್ಕು. ತಡವಾದದ್ದು ನಾನು.
ಹಿಂದಿನ ರಾತ್ರಿ ಭಾವಮೈದುನನ ಮನೆಯ ರಾಕಿಯಾ, ಜಾಸ್ತಿಯೇ ಆಯಿತು.
ಗೇಟಿನ ಹೊರಗೆ ಅವನು, ಹುಬ್ಬಿನ ಮೇಲೆ ಇಬ್ಬನಿ,
ಬೀಗಕ್ಕೆ ಬೆನ್ನು ಕೊಟ್ಟು ಕೂತಿದ್ದ.
ಏಳು ಹನ್ನೊಂದು.
ಬೈಯಲಿಲ್ಲ. ಫೋನು ಮುಂದೆ ಹಿಡಿದ:
ಅವನೇ ತೆಗೆದ ಬೀಗದ ಫೋಟೋ, ಆರು ಐವತ್ತೆರಡು.
ಹಿಂದಕ್ಕೆ ಸರಿಸಿದರೆ ದಿನಕ್ಕೊಂದು, ಅದೇ ಬೀಗ, ಅದೇ ತುಕ್ಕು.

ಸಂಜೆ ದಾಸ್ಕಲೊವ್ ಬಂದ. ಕ್ಯಾಮೆರಾ ನೋಡಿದ್ದನಂತೆ.
"ಏಳಕ್ಕೆ ಒಳಗಿದ್ದನೇ? ಇಲ್ಲ ತಾನೆ? ಅಷ್ಟೇ ಬರೆ.
ಆಮೇಲೆ ನಿನ್ನ ಬಾಕಿಯ ಮಾತೂ ಆಡೋಣ."
ಸುಳ್ಳೇನೂ ಅಲ್ಲ, ನೋಡಿ. ಅದೇ ತೊಂದರೆ.
ಪೆನ್ನು ಎಷ್ಟೋ ಹೊತ್ತು ಕೈಯಲ್ಲಿತ್ತು,
ಮನೆಯಲ್ಲಿ ಫ್ರಿಜ್ಜಿನ ತುಂಬ ಮೊಸರಿತ್ತು.

ಬರೆದೆ: ಬಂದದ್ದು ಆರು ಐವತ್ತೆರಡು.
ಗೇಟು ತೆರೆದದ್ದು ಏಳು ಹನ್ನೊಂದು, ತಪ್ಪು ನನ್ನದು.

ಮಾರ್ಚಿನಲ್ಲಿ ಸ್ವಿಸ್ ಸರೋವರದ ದಂಡೆಯಿಂದ ತೀರ್ಪು ಬಂತು:
ಅವನು ಗೆದ್ದ, ಬಡ್ಡಿ ಸಮೇತ.
ಅಷ್ಟರಲ್ಲಿ ಕ್ಲಬ್ಬು ದಿವಾಳಿ. ಹೊಸ ಹೆಸರು, ಹೊಸ ಲಾಂಛನ,
ಅಂಗಿಯ ಮೇಲೆ ಅದೇ ಮೊಸರು.
ಗೆದ್ದ ಹಣ ಕೊಡಬೇಕಾದವನ ವಿಳಾಸವೇ ಇಲ್ಲ.
ಹೊರಟಾಗ ನಕ್ಕನೋ ಏನೋ, ಬಸ್ಸಿನ ಕಿಟಕಿ ಮಸುಕಾಗಿತ್ತು.

ಹೋಗುವ ಮುಂಚೆ ಪುಸ್ತಕ ಇಸಕೊಂಡು
ತನ್ನ ಹೆಸರಿನ ಕೆಳಗೆ, ಎಡಕ್ಕೆ ವಾಲಿದ ಅಕ್ಷರದಲ್ಲಿ,
ನನ್ನ ಹೆಸರು ಬರೆದಿದ್ದ,
ಗಂಟೆಯ ಜಾಗ ಖಾಲಿ ಬಿಟ್ಟು.

ಯಾರೂ ಕೇಳಿಲ್ಲ. ನನಗೆ ಮುರಿಯಲು ಒಂದು ಕರಾರೂ ಇಲ್ಲ.
ಆದರೂ ದಿನಾ ತುಂಬುತ್ತೇನೆ.
ಇವತ್ತು: ಗ್ರೋಜ್ದಾನ್, ಆರು ಇಪ್ಪತ್ತು. ಮಂಜು.
ಸುಣ್ಣ ಮುಗಿದಿದೆ, ಎಡಬದಿಯ ಗೆರೆ ಅರ್ಧಕ್ಕೇ ನಿಂತಿದೆ.