ಸರದಿಯ ನೀರು

ಅಕ್ಟೋಬರಿನ ಒಂದು ಬೆಳಗ್ಗೆ
ಬಸಿಲಿಸಾ ಚಿಕ್ಕಮ್ಮನ ಬಾಗಿಲ ಮೊಳೆಗೆ
ಯಾರೋ ಮೆಣಸಿನಕಾಯಿಯ ಜಡೆ ನೇತುಹಾಕಿ ಹೋಗಿದ್ದರು.
ಆಳುದ್ದ. ತೊಟ್ಟಿನ ಬಳಿ ಮಾತ್ರ ಒಣಗಿ, ಉಳಿದದ್ದು ಇನ್ನೂ ಹಸಿ.
ಚೀಟಿಯಿಲ್ಲ, ಹೆಸರಿಲ್ಲ.
ಅವಳು ಗಂಟು ನೋಡಿದಳು. ಎಡಗೈಯವನ ಗಂಟು.
"ಒನೋಫ್ರೆ" ಎಂದಳು,
ಅನ್ನದಲ್ಲಿ ಸಿಕ್ಕ ಕಲ್ಲು ಉಗುಳುವ ಹಾಗೆ.

ಜುಲೈಯಲ್ಲಿ, ನಮ್ಮ ಸರದಿಯ ರಾತ್ರಿ,
ತೂಬಿನ ಹಲಗೆ ಎತ್ತಿ
ನಮ್ಮ ನೀರನ್ನು ತನ್ನ ಹೊಲಕ್ಕೆ ತಿರುಗಿಸಿಕೊಂಡವನು.
ನಮ್ಮ ಜೋಳ ಮೊಣಕಾಲೆತ್ತರಕ್ಕೇ ಮುದಿಯಾಯಿತು,
ಅವನ ಮೆಣಸು ಬೆಂಕಿ ಬಿದ್ದಂತೆ ಹಣ್ಣಾಯಿತು.
ಊರಿಗೆಲ್ಲ ಗೊತ್ತು. ನೀರುಗಂಟಿ ಎಲೋಯ್‌ಗೂ ಗೊತ್ತು.
ಟಾವೋಸ್‌ನಿಂದ ಒಂದು ಗಂಟೆ ದೂರದ
ಇಪ್ಪತ್ತೆಂಟು ಮನೆಯ ಊರಲ್ಲಿ
ಗೊತ್ತಿರುವುದನ್ನು ಯಾರೂ ಹೇಳುವುದಿಲ್ಲ.

ಚಳಿಗಾಲವಿಡೀ ಜಡೆ ಹೊರಗೇ ಇತ್ತು.
ಹಿಮ ಬಿತ್ತು, ಕರಗಿತು. ಕಾಯಿ ಕಪ್ಪುಗೆಂಪಾಗಿ
ಗಾಳಿ ಬೀಸಿದಾಗಲೆಲ್ಲ ಗಲಗಲ ಎನ್ನತೊಡಗಿತು.
ನಾವು ಅಂಗಡಿಯ ಪುಡಿ ತಂದು ತಿಂದೆವು.
ಚಿಕ್ಕಮ್ಮ ಹೊಸ್ತಿಲು ದಾಟುವಾಗ
ಹೆಗಲಿಗೆ ತಾಗದ ಹಾಗೆ ಓರೆಯಾಗಿ ದಾಟುತ್ತಿದ್ದಳು.

ಮಾರ್ಚ್ ಕೊನೆಯ ಶನಿವಾರ ಕಾಲುವೆಯ ಹೂಳೆತ್ತುವ ದಿನ.
ಮನೆಗೊಂದು ಸಲಿಕೆ. ಗಂಡಾಳಿಲ್ಲದ ಮನೆಯಿಂದ
ಸಲಿಕೆಯ ಬದಲು ಊಟ.
ಮುಂಜಾನೆ ನಾಲ್ಕಕ್ಕೆ ಅವಳು ಹೊರಗೆ ಹೋಗಿ
ಜಡೆ ಇಳಿಸಿಕೊಂಡು ಬಂದಳು.
ನನ್ನ ಮುಂದೆ ಬಿಸಾಕಿ,
"ತೊಟ್ಟು ಮುರಿ, ಬೀಜ ಕೊಡವು, ಕಣ್ಣು ಮುಟ್ಟಬೇಡ."
ನನಗೆ ಹನ್ನೊಂದು ವರ್ಷ. ಕಣ್ಣು ಮುಟ್ಟಿಕೊಂಡೆ.

ಅಳುತ್ತಲೇ ಕಲಿತೆ:
ಕಾಯಿಯನ್ನು ಕಾವಲಿಯ ಮೇಲೆ ಬೆಚ್ಚಗೆ ಮಾಡಬೇಕು, ಹುರಿಯಬಾರದು.
ಘಮ ಏಳುವುದಕ್ಕೂ ಘಾಟು ಏಳುವುದಕ್ಕೂ
ನಡುವೆ ಒಂದೇ ಉಸಿರು.
ಅದು ತಪ್ಪಿದರೆ ಹಂಡೆಯೆಲ್ಲ ಕಹಿ.
ಬಿಸಿನೀರಲ್ಲಿ ನೆನೆಸಿ, ಬೆಳ್ಳುಳ್ಳಿ, ಓರೆಗಾನೋ ಸೇರಿಸಿ
ರುಬ್ಬಿದರೆ ಇಟ್ಟಿಗೆ ಬಣ್ಣದ ಕೆಸರು.
ಕಾಲುವೆಯಲ್ಲಿ ಗಂಡಸರು ಎತ್ತುತ್ತಿದ್ದುದೂ ಅದೇ ಬಣ್ಣ.
"ಟೊಮೇಟೊ ಹಾಕೋಣವೇ?" ಎಂದಳು
ಆಲ್ಬುಕರ್ಕಿಯಿಂದ ಬಂದ ಹೊಸ ಅತ್ತಿಗೆ.
ಚಿಕ್ಕಮ್ಮ ಸುಮ್ಮನೆ ನೋಡಿದಳು, ಅಷ್ಟೆ.
ಅತ್ತಿಗೆ ಆ ದಿನ ಮತ್ತೆ ಅಡುಗೆಮನೆಗೆ ಬರಲಿಲ್ಲ.

ಹಂದಿಯ ಭುಜದ ತುಂಡುಗಳು
ತಮ್ಮ ಕೊಬ್ಬಿನಲ್ಲೇ ಕಂದಿದವು,
ಮೇಲೆ ಕೆಂಪು ಸುರಿದಾಗ ಕೊತಕೊತ,
ಆಮೇಲೆ ನಾಲ್ಕು ಗಂಟೆ ತಗ್ಗಿದ ದನಿಯ ಗುಳುಗುಳು.
ಜಿಡ್ಡು ಮೇಲೆ ತೇಲಿ ಅಂಚು ಹಿಡಿಯುವವರೆಗೆ
ಅವಳು ಸೌಟು ಬಿಡಲಿಲ್ಲ. ರುಚಿಯನ್ನೂ ನೋಡಲಿಲ್ಲ.
ನನ್ನ ಅಂಗೈಗೆ ಒಂದು ತೊಟ್ಟು ಹಾಕಿದಳು.
ಮೊದಲು ಸಿಹಿ. ಆಮೇಲೆ ಮಣ್ಣು.
ಆಮೇಲೆ, ತಡವಾಗಿ, ಕಿವಿಯ ಹಿಂದಿನಿಂದ ಖಾರ.
ಚೆನ್ನಾಗಿದೆ ಎಂದೆ.
"ಇರಲೇಬೇಕು" ಎಂದಳು. "ನಮ್ಮ ನೀರು."

ಮಧ್ಯಾಹ್ನ ಆಲಮೋ ಮರಗಳ ಕೆಳಗೆ ಸಾಲು.
ಮೊಣಕಾಲವರೆಗೆ ಕೆಸರು, ಕೈಯಲ್ಲಿ ಬಟ್ಟಲು.
ಒನೋಫ್ರೆ ಎಲ್ಲರಿಗಿಂತ ಹಿಂದೆ,
ತನ್ನ ಹಿಂದೆ ಇನ್ನೊಬ್ಬರಾದರೂ ಬರಲಿ ಎಂದು ಕಾಯುತ್ತಾ.
ಯಾರೂ ಬರಲಿಲ್ಲ.
ಚಿಕ್ಕಮ್ಮ ಹಂಡೆ ಓರೆ ಮಾಡಿ, ತಳದಿಂದ
ಮೂಳೆಯ ತುಂಡನ್ನೇ ಎತ್ತಿ ಹಾಕಿದಳು.
ಎರಡು ಬೆರಳಲ್ಲಿ ಉಪ್ಪು ಉದುರಿಸಿದ್ದನ್ನು
ನಾನೊಬ್ಬಳೇ ನೋಡಿದೆ.

ಅವನು ನಿಂತೇ ತಿಂದ.
ಟೋರ್ಟಿಯಾದ ಚೂರಿನಿಂದ ಬಟ್ಟಲು ಒರೆಸಿ ಒರೆಸಿ ತಿಂದ.
ತಲೆ ಎತ್ತದೆ ಕೇಳಿದ:
"ಕುಡಿಯಲು ನೀರಿದೆಯಾ, ಬಸಿಲಿಸಾ?"
ಅಗಿಯುತ್ತಿದ್ದವರೆಲ್ಲ ಅಗಿಯುವುದನ್ನು ನಿಲ್ಲಿಸಿದರು.
ಅವಳು ಖಾಲಿ ಕಾಲುವೆ ನೋಡಿದಳು,
ಅದರಾಚೆ ಬೆಟ್ಟದ ನೆತ್ತಿಯ ಹಿಮ.
"ಸೋಮವಾರ ಬಿಡುತ್ತಾರೆ. ಮೊದಲು ನನ್ನ ಸರದಿ."
ಅಂದು,
ಹೂಜಿ ಅವನ ಕೈಗೆ ಕೊಟ್ಟಳು.
ಎಲೋಯ್ ಸುಮ್ಮಸುಮ್ಮನೆ ಕೆಮ್ಮಿದ.

ರಾತ್ರಿ ಹಂಡೆ ಉಜ್ಜುತ್ತಾ ಕೇಳಿದಳು:
"ಬೀಜ ಎಸೆದೆಯಾ?"
ಇಲ್ಲ.
"ಹಳೇ ಕಾಲುಚೀಲದಲ್ಲಿ ಕಟ್ಟಿಡು."
ಕಟ್ಟಿಟ್ಟೆ. ಬೆಳಗಿನವರೆಗೂ
ಬೆರಳ ತುದಿ ಉರಿಯುತ್ತಲೇ ಇತ್ತು.