ಟೋಕನ್ ಬೋರ್ಡು

ಮಾರಿಕುಪ್ಪಂ ಲೈನಿನಲ್ಲಿ ಸಂಜೆ ಕರೆಂಟು ಹೋದರೆ
ನಮ್ಮ ಮನೆಯಲ್ಲಿ ಬೆಳಗುವುದು ಒಂದೇ:
ಶರೋನಳ ಕೈಯಲ್ಲಿರುವ, ಮೂಲೆ ಸೀಳಿದ ಫೋನು.
ಅದರೊಳಗೆ ಅವಳು ಗಣಿ ತೋಡುತ್ತಾಳೆ.

ಚೌಕದ ಮಣ್ಣು, ಚೌಕದ ಕಲ್ಲು,
ಮೇಯುವ ಕುರಿಯೂ ಚೌಕ, ಚಂದ್ರನೂ ಚೌಕ.
ನಾನು ಏಳನೇ ಕ್ಲಾಸಿನ ಉತ್ತರಪತ್ರಿಕೆ ಪಕ್ಕಕ್ಕಿಟ್ಟು
ಬೈಯಲೆಂದೇ ಬಾಯಿ ತೆರೆದಿದ್ದೆ.
ಅಷ್ಟರಲ್ಲಿ ಮಾವ ಮಂಚ ಬಿಟ್ಟೆದ್ದು
ಮೊಮ್ಮಗಳ ಹೆಗಲ ಮೇಲಿಂದ ಇಣುಕಿದರು.

ಇಪ್ಪತ್ತೊಂಬತ್ತು ವರ್ಷ ಭೂಮಿಯೊಳಗೆ ಇಳಿದು ಹತ್ತಿದವರು.
ಉಸಿರೆಳೆದರೆ ಎದೆಯಲ್ಲಿ ಜರಡಿ ಆಡಿಸಿದ ಸದ್ದು.

"ಎಷ್ಟನೇ ಲೆವೆಲ್ಲಮ್ಮಾ ಇದು?"
"ತಳದ ಹತ್ತಿರ ತಾತಾ. ವಜ್ರ ಸಿಗೋದು ಇಲ್ಲೇ."
"ಮೇಲೆ ಮರ ಕೊಟ್ಟೇ ಇಲ್ಲವಲ್ಲೇ!"
"ಮರ ಯಾಕೆ?"
"ಬೀಳಲ್ವಾ?"
"ಇಲ್ಲಿ ಕಲ್ಲು ಬೀಳೋದೇ ಇಲ್ಲ ತಾತಾ."

ಮಾವ ಬಹಳ ಹೊತ್ತು ಸುಮ್ಮನಿದ್ದರು.
ಆಮೇಲೆ, ಅಂಗಡಿಯಲ್ಲಿ ಅಕ್ಕಿ ಅಂಗೈಗೆ ಸುರಿದುಕೊಂಡು ನೋಡುವವರ ಹಾಗೆ
ಆಟವನ್ನು ಆರಿಸತೊಡಗಿದರು.

ಸೆಕೆ? ಇಲ್ಲ.
ದೂಳು? ಇಲ್ಲ.
ಮೇಸ್ತ್ರಿ? ನಮಗೆ ನಾವೇ.
ಸಂಬಳ? ಅದೂ ಇಲ್ಲ.
ನಕ್ಕರು, ಕೆಮ್ಮಿದರು, ಮತ್ತೆ ನಕ್ಕರು.
ಸತ್ತರೆ?
ಹಾಸಿಗೆಯಿಂದ ಎದ್ದು ಬರ್ತೀವಿ. ಕೈಲಿದ್ದ ಸಾಮಾನು ಮಾತ್ರ ಹೋಗುತ್ತೆ.
"ಒಳ್ಳೇ ಕಂಪನಿ" ಅಂದರು ಮಾವ.

"ಚಿನ್ನ ಮುಗಿದುಹೋದರೆ?"
"ಇನ್ನೊಂದು ಲೋಕ ತೆಗೀತೀನಿ."
ಬಾಗಿಲಾಚೆ ಗಣಿಯ ಬೂದು ದಿಬ್ಬ ಕಪ್ಪಾಗುತ್ತಿತ್ತು.
ಅವರು ಅತ್ತ ನೋಡಿದರು. ಏನೂ ಹೇಳಲಿಲ್ಲ.

ಈ ಆಟದ ಮೇಲೆ ನನ್ನದೂ ದೂರುಂಟು, ಸಣ್ಣದಲ್ಲ.
ತಿಂಗಳ ಇಪ್ಪತ್ತಕ್ಕೇ ಡೇಟಾ ಖಾಲಿ.
ಹನ್ನೆರಡರ ಮಗ್ಗಿ ಹನ್ನೆರಡೆಂಟಕ್ಕೆ ಬಂದು ನಿಂತಿದೆ.
ತಟ್ಟೆಯಲ್ಲಿ ಮುದ್ದೆ ಕಲ್ಲಾಗುತ್ತದೆ,
"ಇದೊಂದು, ಇದೊಂದೇ" ಅನ್ನುತ್ತಾಳೆ,
ಆ ಒಂದಕ್ಕೆ ತಳವೇ ಇಲ್ಲ.
ನಿದ್ದೆಯಲ್ಲೂ ಹೆಬ್ಬೆರಳು ಅಗೆಯುತ್ತಿರುತ್ತದೆ.

ಆದರೆ ನಾನು ಈ ಮನೆಗೆ ಬಂದು ಹದಿನಾಲ್ಕು ವರ್ಷ,
ಕೆಳಗಿನ ಮಾತನ್ನು ಮಾವ ಒಂದು ದಿನ ಆಡಿದವರಲ್ಲ.
ಹೆತ್ತ ಮಗನಿಗೂ ಹೇಳಿದವರಲ್ಲ.
ಈಗ ನೋಡಿ:
"ಬಲಕ್ಕೆ ತಿರುಗು. ಹತ್ತು ಹೆಜ್ಜೆ. ಅಲ್ಲಿ ನೀರು ಜಿನುಗುತ್ತೆ, ಬಗ್ಗು."
"ಬಗ್ಗೋಕೂ ಬಟನ್ ಇದೆ ತಾತಾ!"
"ಇಲ್ಲಿ ಕೂತು ಉಣ್ತಿದ್ವಿ. ನಾನು, ಯೇಸುದಾನ, ಪಾಪಿರೆಡ್ಡಿ."
ಅವಳು ಅಲ್ಲಿ ಒಂದು ಮರದ ತುಂಡು ಇಟ್ಟಳು.
ಇನ್ನೊಂದು. ಮತ್ತೊಂದು.
ಮೂರನೆಯದರ ಮೇಲೆ ಮಾವ ಬೆರಳಿಟ್ಟರು, ಪರದೆ ಅಲುಗಿತು,
"ಅವನದು" ಅಂದರು, ಯಾರದೆಂದು ಹೇಳಲಿಲ್ಲ.

"ಟೋಕನ್ ಬೋರ್ಡ್ ಎಲ್ಲಿ?"
ಇಳಿಯುವಾಗ ಹಿತ್ತಾಳೆ ಬಿಲ್ಲೆ ಮೊಳೆಗೆ ಹಾಕಬೇಕು,
ಹತ್ತಿ ಬಂದಾಗ ತೆಗೀಬೇಕು.
ಪಾಳಿ ಮುಗಿದ ಮೇಲೂ ಒಂದು ಬಿಲ್ಲೆ ನೇತಾಡಿದರೆ
ಊರಲ್ಲಿ ಯಾರ ಒಲೆಯೂ ಹೊತ್ತುತ್ತಿರಲಿಲ್ಲ.
"ಎಲ್ಲಾ ಇಟ್ಟಿದ್ದಾರೆ ನಿನ್ನ ಆಟದೋರು.
ಎಣಿಸೋನೊಬ್ಬನನ್ನ ಇಟ್ಟಿಲ್ಲ."

ಶರೋನ್ ಗಣಿಯ ಬಾಯಲ್ಲಿ ಗೋಡೆ ಕಟ್ಟಿದಳು,
ಮೂರು ಹಲಗೆ ಹೊಡೆದಳು, ಹೆಸರು ಬರೆದಳು:
ಶರೋನ್. ತೌಸೀಫ್. ತಾತ.

ಬ್ಯಾಟರಿ ನಾಲ್ಕಕ್ಕಿಳಿಯಿತು.
"ಸಾಕು, ಮುಚ್ಚು" ಅಂದೆ.
"ತೌಸೀಫ್ ಮೇಲೆ ಬಂದನಾ?" ಮಾವ ಕೇಳಿದರು.
"ಅವನಿಗೇನೂ ಆಗಲ್ಲ ತಾತಾ, ಆಟ ಅಲ್ವಾ."
"ಕೇಳು."
ಆಂಡರ್ಸನ್‌ಪೇಟೆಗೆ ಫೋನು ಹೋಯಿತು.
ಅತ್ತ ತಟ್ಟೆಯ ಸದ್ದು, ಅವನಮ್ಮನ ಬೈಗುಳ,
ತುಂಬಿದ ಬಾಯಲ್ಲಿ "ಬಂದೆ, ಬಂದೆ, ಊಟ ಮಾಡ್ತಿದೀನಿ."

ಅವನ ಹಲಗೆ ತೆಗೆದಳು.
ತನ್ನದು ತೆಗೆದಳು.
ಮೂರನೆಯದಕ್ಕೆ ಬೆರಳು ತಲುಪುವಷ್ಟರಲ್ಲಿ ಫೋನು ಆರಿತು.

"ಅಯ್ಯೋ ತಾತಾ, ನಿನ್ನದು ಅಲ್ಲೇ ಉಳೀತು."
ಕತ್ತಲಲ್ಲಿ ಜರಡಿ ಒಮ್ಮೆ ಆಡಿತು.
"ಇರಲಿ ಬಿಡು."

ನಾನು ಚಾರ್ಜರ್ ಹುಡುಕಿ, ಪ್ಲಗ್ಗಿಗೆ ಸಿಕ್ಕಿಸಿ,
ಯಾವಾಗ ಕರೆಂಟು ಬರುತ್ತದೋ ಎಂದು ಕೂತೆ.